ನಿನ್ನ ನಿದ್ದೆಗೆ ನೀನು ಸಾಕ್ಷಿಯಲ್ಲ

ಮಗಾ, ನೀನು ಕೇಳಿದ ನಿದ್ದೆ ಮಾತ್ರೆಯ ಹೆಸರು ನಾನು ಹೇಳುವುದಿಲ್ಲ. ಎಷ್ಟು ಸಲ ಫೋನ್ ಮಾಡಿದರೂ ಅಷ್ಟೇ. "ದೊಡ್ಡಮ್ಮ, ನೀನು ನರ್ಸಾಗಿದ್ದವಳು, ನಿನಗೆ ಗೊತ್ತಿರುತ್ತೆ" ಅಂದೆಯಲ್ಲ, ಗೊತ್ತಿದೆ. ಗೊತ್ತಿರುವುದರಿಂದಲೇ ಹೇಳುತ್ತಿಲ್ಲ. ಬಳ್ಳಿಗಾವಿ, ತಾಳಗುಂದ, ಶಿರಾಳಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಲಸಿಕೆ ಡಬ್ಬ ಹಿಡಿದು ತಿರುಗಿದವಳು ನಾನು. "ಸಿಸ್ಟ್ರೇ, ನಿದ್ದೆ ಬರಲ್ಲ" ಎಂದು ಬಂದವರಿಗೆಲ್ಲ ಇದ್ದದ್ದು ಒಂದೇ ದೂರು, ರೋಗ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬನಿಗೆ ಗಂಟಲಲ್ಲಿ, ಒಬ್ಬಳಿಗೆ ರಕ್ತದಲ್ಲಿ, ಇನ್ನೊಬ್ಬನಿಗೆ ಅವನ ಕೆಲಸದ ಹೊತ್ತಿನಲ್ಲಿ. ಎಲ್ಲರಿಗೂ ಒಂದೇ ಮಾತ್ರೆ ಹೇಗಾದೀತು?

ಮೊದಲು ನಿನ್ನದು ಲೆಕ್ಕಕ್ಕೆ ಬರುವ ನಿದ್ರಾಹೀನತೆಯೋ ಅಲ್ಲವೋ ನೋಡೋಣ. ಮಲಗಲು ಸಮಯವಿದೆ, ಜಾಗವಿದೆ, ಆದರೂ ವಾರದಲ್ಲಿ ಕನಿಷ್ಠ 3 ರಾತ್ರಿ ನಿದ್ದೆ ಇಲ್ಲ, ಅದರಿಂದ ಹಗಲಿನ ಕೆಲಸವೂ ಕೆಡುತ್ತಿದೆ, ಹೀಗೇ 3 ತಿಂಗಳು ನಡೆದಿದೆ ಅಂದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಮನೆಯಲ್ಲಿ ಸಾವಾದಾಗ, ಮಗಳ ಮದುವೆಯ ಸಾಲ ತಲೆ ಮೇಲಿದ್ದಾಗ, ಪರೀಕ್ಷೆಯ ಹಿಂದಿನ ವಾರ ನಿದ್ದೆ ಹಾರಿ ಹೋಗುವುದು ಮನುಷ್ಯರಾದವರಿಗೆ ಇದ್ದದ್ದೇ. ಬಂದ ಹಾಗೆ ಹೋಗುತ್ತದೆ. ನಿನ್ನದು ದಸರೆಗೆ ಮುಂಚಿನಿಂದಲೇ ಇದೆ ಎಂದೆ. ಹಾಗಾದರೆ ವಿಚಾರಿಸಬೇಕಾದ್ದೇ.

ಆದರೆ ನಿನ್ನನ್ನು ಕೇಳಿ ಪ್ರಯೋಜನವಿಲ್ಲ. ನೀನು ಮಲಗಿದ ಮೇಲೆ ಏನಾಗುತ್ತದೆ ಎಂದು ನಿನಗೆ ಗೊತ್ತಾಗುವುದಾದರೂ ಹೇಗೆ? ನಿನ್ನ ನಿದ್ದೆಗೆ ಸಾಕ್ಷಿ ನಿನ್ನ ಹೆಂಡತಿ, ನಮ್ಮ ಸೊಸೆ. ಅವಳಿಗೆ ಫೋನ್ ಕೊಡು ಅಂದದ್ದು ಅದಕ್ಕೇ. ಅವಳು ನಾಚಿಕೊಂಡು, ಆಮೇಲೆ ನಗುತ್ತಾ, "ಇವರು ಗೊರಕೆ ಹೊಡೀತಾರೆ ದೊಡ್ಡಮ್ಮ, ನಡುವೆ ಒಮ್ಮೊಮ್ಮೆ ಸದ್ದೇ ಇರಲ್ಲ, ಆಮೇಲೆ ಗಕ್ಕಂತ ಉಸಿರು ಎಳ್ಕೋತಾರೆ" ಎಂದಳು. ಅವಳಿಗೆ ಅದು ನಗುವ ವಿಷಯ. ನನಗೆ ನಗು ಬರಲಿಲ್ಲ.

ನಮ್ಮ ಕಡೆ ಗೊರಕೆ ಹೊಡೆಯುವವನನ್ನು ಕುಂಭಕರ್ಣ ಅನ್ನುತ್ತೇವೆ, ಪುಣ್ಯವಂತ ಅನ್ನುತ್ತೇವೆ. ಎಲ್ಲ ಗೊರಕೆಯೂ ರೋಗವಲ್ಲ, ಅದೂ ನಿಜ. ಆದರೆ ಗೊರಕೆ ನಡುವೆ ನಿಂತು, ಆಮೇಲೆ ಉಸಿರು ಕಟ್ಟಿದವರ ಹಾಗೆ ಏದುಸಿರಿನಲ್ಲಿ ಮತ್ತೆ ಶುರುವಾದರೆ ಅವನಷ್ಟು ನಿದ್ದೆಗೆಟ್ಟವನು ಊರಲ್ಲಿ ಇನ್ನೊಬ್ಬನಿಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗುತ್ತವೆ. ಕೆಲವರಿಗೆ ಆ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ. ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಉಸಿರು ನಿಂತರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಕುಗ್ಗಿ ಹೋಗುವುದೂ ಲೆಕ್ಕಕ್ಕೆ ಸೇರುತ್ತದೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಸ್ಲೀಪ್ ಆಪ್ನಿಯಾ ಅನ್ನುವುದು ಇದನ್ನೇ. ಎಷ್ಟೋ ಜನರಿಗೆ ಈ ಏಳುವುದು ನೆನಪೇ ಇರುವುದಿಲ್ಲ. ಕೆಲವರಿಗೆ ಮಾತ್ರ ನಡುರಾತ್ರಿ ಪೂರ್ತಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಅವರು ಬಂದು ಹೇಳುವುದು ಉಸಿರಿನ ವಿಷಯವಲ್ಲ, "ನಿದ್ದೆ ಬರಲ್ಲ" ಅಂತ.

ಇದಕ್ಕೆ ಇನ್ನೂ ಗುರುತುಗಳಿವೆ. ಬೆಳಿಗ್ಗೆ ಎದ್ದಾಗ ತಲೆನೋವು, ಒಣಗಿದ ಬಾಯಿ. ಮಾತ್ರೆ ನುಂಗಿದರೂ ಇಳಿಯದ ಬಿಪಿ. ಇನ್ನು ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು. ಜನ ಇದನ್ನು ಶುಗರ್ ಎಂದುಕೊಳ್ಳುತ್ತಾರೆ; ಶುಗರ್ ಪರೀಕ್ಷೆ ಮಾಡಿಸಲೇಬೇಕು ಅನ್ನು. ಆದರೆ ಉಸಿರು ಕಟ್ಟಿ ಎದೆ ಎಳೆದಾಗ ಹೃದಯದ ಮೇಲೆ ಒತ್ತಡ ಬಿದ್ದು, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಹೃದಯವೇ ಬಿಡುತ್ತದೆ. ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಡಾಕ್ಟರು ಅನುಮಾನ ಪಡುತ್ತಾರೆ. ನಿನ್ನ ಶರ್ಟಿನ ಕಾಲರ್ ನೋಡಿಕೋ, ಮದುವೆಯ ಫೋಟೋದಲ್ಲಿ ಇದ್ದ ಹುಡುಗ ಈಗ ನೀನಲ್ಲ. ಹಾಗೆಂದು ದಪ್ಪಗಿರುವವರಿಗೆ ಮಾತ್ರ ಅಲ್ಲ. ಸಣ್ಣ ದವಡೆಯವರಿಗೆ, ಮುಟ್ಟು ನಿಂತ ಹೆಂಗಸರಿಗೆ, ಟಾನ್ಸಿಲ್ ಊದಿ ಬಾಯಿ ತೆರೆದು ಮಲಗುವ ಮಕ್ಕಳಿಗೂ ಬರುತ್ತದೆ.

ಈಗ ಗೊತ್ತಾಯಿತೇ ನಾನು ಮಾತ್ರೆಯ ಹೆಸರು ಯಾಕೆ ಹೇಳಲಿಲ್ಲ ಅಂತ? ಮೊದಲೇ ಸಡಿಲಾಗಿ ಮುಚ್ಚಿಕೊಳ್ಳುವ ಗಂಟಲನ್ನು ಕೆಲವು ನಿದ್ದೆ ಮಾತ್ರೆಗಳು ಇನ್ನಷ್ಟು ಸಡಿಲ ಮಾಡುತ್ತವೆ, ಏಳಿಸಬೇಕಾದ ಮಿದುಳನ್ನು ಮಂಕು ಮಾಡುತ್ತವೆ. ಎಣ್ಣೆ ಹಾಕಿ ಮಲಗುವವರ ಕಥೆಯೂ ಅದೇ. ಕುಡಿದಾಗ ಬೇಗ ನಿದ್ದೆ ಹತ್ತುತ್ತದೆ, ಅದರಲ್ಲಿ ಸುಳ್ಳಿಲ್ಲ. ನಡುರಾತ್ರಿ ಕಳೆದ ಮೇಲೆ ಕಣ್ಣು ಬಿಟ್ಟು ತೊಲೆ ಎಣಿಸುವುದೂ ಅವರೇ. ಆಪ್ನಿಯಾ ಇದೆಯೋ ಇಲ್ಲವೋ ತಿಳಿಯಲು ರಾತ್ರಿ ಮಲಗಿಸಿ ಮಾಡುವ ಪಾಲಿಸೋಮ್ನೋಗ್ರಫಿ ಎಂಬ ಪರೀಕ್ಷೆಯಿದೆ. ಮಿದುಳಿನ ಅಲೆ, ಉಸಿರು, ಆಮ್ಲಜನಕ, ಕಾಲಿನ ಚಲನೆ ಎಲ್ಲವನ್ನೂ ದಾಖಲಿಸುತ್ತದೆ. ಕೆಲವರಿಗೆ ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆ ಸಾಕಾಗುತ್ತದೆ. ಆಪ್ನಿಯಾ ಇದೆ ಎಂದಾದರೆ ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಇದೆ, 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ಡಾಕ್ಟರು ತೋರಿಸಿಕೊಟ್ಟದ್ದು. ಮೊದಲ ವಾರ ಅದನ್ನು ಹಾಕಿಕೊಂಡು ಮಲಗುವುದು ಹಿಂಸೆ ಎನ್ನುತ್ತಾರೆ. ಅಭ್ಯಾಸವಾದವರು ಅದಿಲ್ಲದೆ ನೆಂಟರ ಮನೆಗೂ ಹೋಗುವುದಿಲ್ಲ. ತೂಕ ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಇವತ್ತಿನಿಂದಲೇ ಮಾಡಬಹುದಾದದ್ದು.

ಇನ್ನು ಸೊಸೆಯ ವಿಷಯ. ಅವಳ ನಿದ್ದೆಗೆ ಸಾಕ್ಷಿ ನೀನು, ಆದರೆ ನೀನು ಏನನ್ನೂ ನೋಡಿಲ್ಲ. ಏಳು ತಿಂಗಳ ಬಸುರಿ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಶತಪಥ ತಿರುಗುತ್ತಾಳೆ ಅಂದರೆ ಯಾಕೆ ಎಂದು ಕೇಳಬಾರದೇ? ನಾನು ಕೇಳಿದೆ. "ಕಾಲೊಳಗೆ ಏನೋ ಹರಿದಾಡ್ತದೆ, ಅಲ್ಲಾಡಿಸದೆ ಇರೋಕಾಗಲ್ಲ, ನಡೆದರೆ ಸರಿಯಾಗ್ತದೆ, ಮಲಗಿದರೆ ಮತ್ತೆ ಶುರು" ಎಂದಳು. ಈ ಮಾತು ನಾನು ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೆ! ನಮ್ಮಲ್ಲಿ ಕೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಂಜೆ ಕೂತರೆ ಏಳುವುದು ನಡುರಾತ್ರಿಗೆ. ಕೂತಲ್ಲೇ ಕಾಲು ಚಡಪಡಿಸುತ್ತದೆ. ಮನೆಗೆ ಹೋಗಿ ಮಲಗಿದರೂ ಬಿಡುವುದಿಲ್ಲ. ಹಳೆ ಸೀರೆಯ ಚೂರನ್ನು ಮೀನಖಂಡಕ್ಕೆ ಬಿಗಿಯಾಗಿ ಕಟ್ಟಿಕೊಂಡು ಮಲಗುವವರನ್ನು ನಾನು ಮನೆ ಮನೆಯಲ್ಲಿ ನೋಡಿದ್ದೇನೆ. ಕೇಳಿದರೆ, "ದಣಿವು ಸಿಸ್ಟ್ರೇ, ವಾಯು ಇರ್ಬೇಕು" ಅನ್ನುತ್ತಿದ್ದರು. ದಣಿವು ಅಲ್ಲ. ದಣಿದ ಕಾಲು ಮಲಗಿದರೆ ಆರಾಮಾಗುತ್ತದೆ, ಇದು ಮಲಗಿದರೆ ಹೆಚ್ಚಾಗುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ರೋಗ ಗುರುತಿಸುವುದೇ ಅದರಿಂದ: ಅಲ್ಲಾಡಿಸಬೇಕೆನ್ನುವ ತಡೆಯಲಾರದ ಒತ್ತಾಯ, ಸುಮ್ಮನಿದ್ದರೆ ಜಾಸ್ತಿ, ನಡೆದರೆ ಕಡಿಮೆ, ಸಂಜೆ ರಾತ್ರಿಯಲ್ಲಿ ಹೆಚ್ಚು.

ಇದನ್ನು ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯ 1672ರಲ್ಲೇ ಬರೆದಿಟ್ಟಿದ್ದ. ಆಮೇಲೆ ಎಲ್ಲರೂ ಮರೆತರು. 1945ರಲ್ಲಿ ಸ್ವೀಡನ್ನಿನ ಎಕ್ಬೋಮ್ ಎಂಬ ವೈದ್ಯ ಮತ್ತೆ ವಿವರವಾಗಿ ಹೇಳಿ ಹೆಸರಿಟ್ಟ. ಹೆಂಗಸರ ಕಾಲುನೋವನ್ನು ಮರೆಯುವುದು ನಮ್ಮ ದೇಶದ ಗಂಡಸರ ಕೆಲಸ ಮಾತ್ರ ಅಲ್ಲ ಎಂದುಕೊಳ್ಳುತ್ತೇನೆ. ಕಾರಣಗಳಲ್ಲಿ ದೊಡ್ಡದು ಕಬ್ಬಿಣದ ಕೊರತೆ. ಮಿದುಳಿನಲ್ಲಿ ಡೋಪಮಿನ್ ಕೆಲಸ ಮಾಡಲು ಕಬ್ಬಿಣ ಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ದಾಸ್ತಾನು ಖಾಲಿಯಾಗಿರಬಹುದು. ಅದನ್ನು ಅಳೆಯುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ಸಾಮಾನ್ಯ ಲ್ಯಾಬಿನ ಚೀಟಿಯಲ್ಲಿ 20, 30 ಇದ್ದರೂ 'ನಾರ್ಮಲ್' ಎಂದು ಇರುತ್ತದೆ. ಈ ಕಾಲಿನ ಕಾಯಿಲೆಗೆ ಮಾತ್ರ 75 ಅಥವಾ ಅದಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡುವುದನ್ನು ಡಾಕ್ಟರು ಯೋಚಿಸುತ್ತಾರೆ. ಬಸುರಿಯರಲ್ಲಿ ಸುಮಾರು ಐದರಲ್ಲಿ ಒಬ್ಬಳಿಗೆ ಇದು ಕಾಣಿಸುತ್ತದೆ, ಕೊನೆಯ ಮೂರು ತಿಂಗಳಲ್ಲಿ ಜಾಸ್ತಿ. ಹೆರಿಗೆಯ ನಂತರ ಬಹುಪಾಲು ಜನರಿಗೆ ತಾನಾಗಿ ಹೋಗುತ್ತದೆ. ಕಿಡ್ನಿ ತೊಂದರೆ ಇರುವವರಿಗೂ ಬರುತ್ತದೆ.

ದೇಶದ ಆರೋಗ್ಯ ಸಮೀಕ್ಷೆ, 2019-21ರದ್ದು, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತು. ಅದು ನನಗೆ ಹೊಸ ಸುದ್ದಿಯಾಗಲಿಲ್ಲ. ಬಸುರಿಯರಿಗೆ ನಾವು ಹಂಚುತ್ತಿದ್ದ ಕೆಂಪು ಮಾತ್ರೆ ಇದೆಯಲ್ಲ, 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್, ದಿನಕ್ಕೊಂದರಂತೆ 180 ದಿನ, ಅದರ ಖಾಲಿಯಾಗದ ಪಟ್ಟಿಗಳು ಎಷ್ಟು ತಿಪ್ಪೆಗಳಲ್ಲಿ ಸಿಕ್ಕಿಲ್ಲ! "ಮಲ ಕಪ್ಪಾಗ್ತದೆ, ಹೊಟ್ಟೆ ತೊಳಸ್ತದೆ, ಮಗು ಕಪ್ಪಾಗಿ ಹುಟ್ತದಂತೆ" ಎಂಬ ನೆವಗಳು. ಮಲ ಕಪ್ಪಾಗುವುದು ನಿಜ, ಅದರಿಂದ ಏನೂ ಆಗುವುದಿಲ್ಲ. ಹೊಟ್ಟೆ ತೊಳಸುವುದೂ ನಿಜ, ರಾತ್ರಿ ಊಟದ ನಂತರ ನುಂಗಿದರೆ ಕಡಿಮೆ. ಮೂರನೆಯದು ಶುದ್ಧ ಸುಳ್ಳು. ಸೊಸೆಗೆ ಹೇಳು: ಮಾತ್ರೆಯ ಆಚೀಚೆ ಒಂದು ಗಂಟೆ ಚಾ ಕುಡಿಯಬಾರದು, ಚಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸುಣ್ಣದ ಮಾತ್ರೆಯನ್ನೂ ಅದರ ಜೊತೆ ಸೇರಿಸಿ ನುಂಗಬಾರದು. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಶೀತಕ್ಕೆ, ವಾಂತಿಗೆ ಕೊಡುವ ಕೆಲವು ಮಾತ್ರೆಗಳಿಂದ ಈ ಕಾಲಿನ ಕಾಟ ಹೆಚ್ಚಾಗುತ್ತದೆ; ಏನೇನು ನುಂಗುತ್ತಿದ್ದಾಳೆ ಎಂದು ಮುಂದಿನ ತಪಾಸಣೆಯಲ್ಲಿ ಎಲ್ಲ ಪಟ್ಟಿಗಳನ್ನೂ ಡಾಕ್ಟರ ಮುಂದೆ ಹರಡಲಿ. ಫೆರಿಟಿನ್ ಬರೆಸಿಕೊಳ್ಳಲಿ. ತಾನೇ ಅಂಗಡಿಯಿಂದ ಕಬ್ಬಿಣ ಹೆಚ್ಚು ತಂದು ತಿನ್ನುವುದು ಬೇಡ.

ನಿನ್ನ ಕೆಲಸದ ಹೊತ್ತಿನ ಬಗ್ಗೆ ಮಾತಾಡದೆ ಇದು ಮುಗಿಯುವುದಿಲ್ಲ. ಒಂದು ವಾರ ಹಗಲು, ಒಂದು ವಾರ ರಾತ್ರಿ ಅಂದೆ. "ಊರಲ್ಲೂ ರಾತ್ರಿ ಎದ್ದಿರ್ತಾರಲ್ಲ" ಎಂದು ವಾದಿಸಿದೆ. ಇರುತ್ತಾರೆ. ಥ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಟಾರ್ಚ್ ಹಿಡಿದು ಪಂಪ್‌ಸೆಟ್ ಹಾಕಲು ಹೋಗುವ ನಿನ್ನ ಮಾವ, ಜೋಳದ ತೆನೆ ಬಲಿಯುವ ಹೊತ್ತಿಗೆ ಹಂದಿ ಓಡಿಸಲು ಮಾಳದಲ್ಲಿ ಕೂರುವವರು, ಅವರೂ ನಿದ್ದೆ ಕೆಟ್ಟವರೇ. ಆದರೆ ಬೆಳೆ ಕಟಾವಾದರೆ ಮಾಳ ಖಾಲಿ. ನಿನಗೆ ಸುಗ್ಗಿ ಮುಗಿಯುವುದೇ ಇಲ್ಲ. ಅವರೂ ರಾತ್ರಿ ಕರೆಂಟಿನಿಂದ ಸುಖವಾಗಿದ್ದಾರೆ ಎಂದು ನಾನು ಹೇಳುತ್ತಿಲ್ಲ. ರೈತರು ಹಗಲು ಕರೆಂಟು ಕೊಡಿ ಎಂದು ಕೇಳುವುದರಲ್ಲಿ ಹಾವಿನ ಭಯದ ಜೊತೆ ನಿದ್ದೆಯ ನ್ಯಾಯವೂ ಇದೆ.

ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಸುಮಾರು 24 ಗಂಟೆಗಳ ಗಡಿಯಾರ ನಡೆಯುತ್ತದೆ. ಅದರ ಒಳಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ನೀನು ವಾರಕ್ಕೊಮ್ಮೆ ಪಾಳಿ ಬದಲಿಸಿದರೆ ಅದು ಯಾವ ಕಡೆಗೂ ಹೊಂದಿಕೊಳ್ಳದು. ಮೇಲಿನವರನ್ನು ಕೇಳಿ ನೋಡು, ಒಂದೇ ಪಾಳಿ ಕೆಲವು ವಾರ ಸಿಗುವುದಾದರೆ ಒಳ್ಳೆಯದು, ಬದಲಾದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ, ಹೀಗೆ ಮುಂದಕ್ಕೆ ಸರಿಯಲಿ. ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಬಿಸಿಲಲ್ಲಿ ಬರುವಾಗ ಕಪ್ಪು ಕನ್ನಡಕ ಹಾಕಿಕೋ. ಕೋಣೆಗೆ ದಪ್ಪ ಪರದೆ ಹಾಕಿಸು. ಪಾಳಿಯ ಕೊನೆಯ ಅರ್ಧದಲ್ಲಿ ಕಾಫಿ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಮಲಗುತ್ತೀ ಎಂದು ಸೊಸೆ ಹೇಳಿದಳು. ಹೊಗೆಸೊಪ್ಪಿನ ನಿಕೋಟಿನ್ ಎಚ್ಚರ ಇಡುವ ವಸ್ತು, ಅಡಿಕೆಯೂ ಅದೇ ಪೈಕಿ. ಬಾಯಿಯ ಕ್ಯಾನ್ಸರಿನ ಬಗ್ಗೆ ನಿನಗೆ ಬೇರೆಯಾಗಿ ಬೈಯುತ್ತೇನೆ, ಇವತ್ತಲ್ಲ.

ನಿನ್ನ ತಮ್ಮ ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಏಳುತ್ತಾನೆ ಎಂದು ನಿಮ್ಮಪ್ಪ ಕೂಗಾಡುವುದಿದೆಯಲ್ಲ. ಹದಿಹರೆಯದಲ್ಲಿ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಕೆಲವರಲ್ಲಿ ಅದು ಅಲ್ಲೇ ನಿಂತುಬಿಡುತ್ತದೆ. ಅವನನ್ನು ಹತ್ತಕ್ಕೆ ಹಾಸಿಗೆಗೆ ತಳ್ಳಿದರೆ ಎರಡರ ತನಕ ಹೊರಳಾಡುತ್ತಾನೆ, ಅಷ್ಟೇ. ಸೋಮಾರಿ ಎನ್ನಬೇಡಿ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಅರ್ಧ ಗಂಟೆ ಬರಲಿ, ರಾತ್ರಿ ಮೊಬೈಲು ಹಾಸಿಗೆಯಿಂದ ದೂರ ಇರಲಿ, ಏಳುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತರಲಿ.

ಎದೆ ಮೇಲೆ ದೆವ್ವ ಕೂತ ಹಾಗೆ, ಕಣ್ಣು ಬಿಟ್ಟರೂ ಕೈಕಾಲು ಅಲುಗದ ಹಾಗೆ ಆಗಿ, ಅದರ ಭಯಕ್ಕೇ ಮಲಗಲು ಹೆದರುವವರಿದ್ದಾರೆ. ತಾಯತ ಕಟ್ಟಿಸಿಕೊಂಡವರನ್ನು ನಾನು ಬೈದಿಲ್ಲ. ಭಯ ಹೋದರೆ ನಿದ್ದೆ ಬರುತ್ತದೆ ನೋಡು. ಕನಸು ಕಾಣುವಾಗ ಮೈಯ ಸ್ನಾಯುಗಳು ಕೆಲಸ ನಿಲ್ಲಿಸಿರುತ್ತವೆ. ಮನಸ್ಸು ಆ ಸ್ನಾಯುಗಳಿಗಿಂತ ಮೊದಲು ಎಚ್ಚರಗೊಂಡರೆ ಹೀಗಾಗುತ್ತದೆ. ನಿದ್ದೆ ಸಾಲದವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು. ತಿರುಗಾಮುರುಗಾ ಕೂಡ ಇದೆ: ಕನಸಿನಲ್ಲಿ ಸ್ನಾಯು ನಿಲ್ಲದೆ, ವಯಸ್ಸಾದವರು ಮಲಗಿದಲ್ಲೇ ಗುದ್ದುವುದು, ಒದೆಯುವುದು, ಕೂಗುವುದು. ನಿನ್ನ ದೊಡ್ಡಪ್ಪನ ವಯಸ್ಸಿನವರಲ್ಲಿ ಇದನ್ನು ಕಂಡರೆ ನರರೋಗದ ಡಾಕ್ಟರಿಗೆ ತೋರಿಸಬೇಕು, ಪಾರ್ಕಿನ್ಸನ್ಸ್‌ನಂಥ ಕಾಯಿಲೆಗೆ ವರ್ಷಗಳ ಮುಂಚಿನ ಸೂಚನೆ ಅದಾಗಿರಬಹುದು.

ಇವೆಲ್ಲ ಹುಡುಕಿ ಸರಿಮಾಡಿದ ಮೇಲೂ ನಿದ್ದೆ ಬಾರದೆ ಇರುವುದುಂಟು. ತಿಂಗಳುಗಟ್ಟಲೆ ಹೊರಳಾಡಿದವನಿಗೆ ಹಾಸಿಗೆ ನೋಡಿದರೇ ಎದೆ ಹೊಡೆದುಕೊಳ್ಳುತ್ತದೆ. ಇದಕ್ಕೆ ಮದ್ದು 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ್ದು: ಕಣ್ಣು ಎಳೆಯುವ ತನಕ ಹಾಸಿಗೆಗೆ ಹೋಗಬೇಡ, ಹೋಗಿ ಇಪ್ಪತ್ತು ನಿಮಿಷದಷ್ಟು ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗು, ಮಂದ ಬೆಳಕಲ್ಲಿ ಏನಾದರೂ ಓದು, ನಿದ್ದೆ ಬಂದಾಗ ಮತ್ತೆ ಹೋಗು, ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ಒಂದೇ. ಗಡಿಯಾರ ನೋಡಿ ನಿಮಿಷ ಎಣಿಸಬೇಡ, ಅಂದಾಜು ಸಾಕು. ಹಾಸಿಗೆಯಲ್ಲಿ ಊಟ, ಮೊಬೈಲು, ಸಾಲದ ಲೆಕ್ಕ ಎಲ್ಲ ಬಂದ್. ಇಂಥದ್ದನ್ನೆಲ್ಲ ಸೇರಿಸಿ ಕಲಿಸುವ ಚಿಕಿತ್ಸೆಯನ್ನೇ ಮಾತ್ರೆಗಿಂತ ಮೊದಲು ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಹೇಳಿತು. ನಿನಗೆ ಬೇಜಾರು ತರುವಷ್ಟು ನಿಧಾನದ ಕೆಲಸ ಅದು. ಮೊದಲ ವಾರ ಹಗಲು ಹೆಚ್ಚು ತೂಕಡಿಕೆ ಬರುತ್ತದೆ, ಆಗ ಬೈಕ್ ಮುಟ್ಟಬೇಡ.

ಮಾತ್ರೆಗೂ ಒಂದು ಜಾಗ ಇದೆ, ಕೆಲವು ದಿನಕ್ಕೆ, ಡಾಕ್ಟರ ಕಣ್ಣಳತೆಯಲ್ಲಿ. ನಾನು ಬೈಯುವುದು ಹಳೆ ಚೀಟಿ ತೋರಿಸಿ ಮೆಡಿಕಲ್ಸಿನಿಂದ ವರ್ಷಗಟ್ಟಲೆ ತರುವುದನ್ನು. ಮೈ ಅದಕ್ಕೆ ಒಗ್ಗಿ, ಒಂದರಿಂದ ಎರಡಾಗಿ, ಬಿಟ್ಟ ದಿನ ನಿದ್ದೆ ಪೂರ್ತಿ ಕೈಕೊಡುತ್ತದೆ. ನಿನ್ನ ಗೆಳೆಯನೊಬ್ಬ ಈಗಾಗಲೇ ನುಂಗುತ್ತಿದ್ದಾನೆ ಅಂದೆಯಲ್ಲ, ಅವನು ನನ್ನ ಮಾತು ಕೇಳಿ ನಾಳೆಯೇ ನಿಲ್ಲಿಸಬಾರದು. ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಡಾಕ್ಟರೇ ಮೆಲ್ಲಗೆ ಇಳಿಸಬೇಕು.

ಆಸ್ಪತ್ರೆಗೆ ಹೋಗಲು ನಾಚಿಕೆ ಅಂದೆ. ನಿದ್ದೆಗೆ ಆಸ್ಪತ್ರೆಯೇ ಎಂದು ನಗುತ್ತಾರೆ ಅಂದೆ. ನಮ್ಮೂರು ಬಳ್ಳಿಗಾವಿಯ ಕೇದಾರೇಶ್ವರನ ಕೋಡಿಮಠದ ಬಗ್ಗೆ 1162ರ ಶಾಸನ ಇದೆ, ನೀನು ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಬಂದ ಮೇಷ್ಟ್ರುಗಳು ಅದನ್ನು ವಿವರಿಸುವಾಗ ನೀನು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದೆ. ವೇದ ವ್ಯಾಕರಣ ಕಲಿಸುವ ಜಾಗ ಎಂದು ಮಠವನ್ನು ಹೊಗಳುವ ಆ ಶಾಸನ, ಅಲ್ಲಿ ಕುಂಟರಿಗೆ, ಕುರುಡರಿಗೆ, ದಿಕ್ಕಿಲ್ಲದವರಿಗೆ ಅನ್ನ ಕೊಡುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದೂ ಹೇಳುತ್ತದೆ. ಎಂಟುನೂರು ವರ್ಷಗಳ ಹಿಂದೆಯೇ ಕಾಯಿಲೆ ಹೇಳಿಕೊಂಡು ಬರುವವರಿಗೆ ಬಾಗಿಲಿದ್ದ ಊರು ಇದು. ಈಗ ಶಿಕಾರಿಪುರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಶಿವಮೊಗ್ಗದಲ್ಲಿ ಮೆಗ್ಗಾನ್ ಇದೆ. ನೀನಂತೂ ನಿಮ್ಹಾನ್ಸ್ ಇರುವ ಬೆಂಗಳೂರಲ್ಲೇ ಇದ್ದೀ; ನಿದ್ದೆಯ ತೊಂದರೆಗಳನ್ನು ಅಲ್ಲಿ ನೋಡುತ್ತಾರೆ. ಗೊರಕೆಯ ವಿಷಯಕ್ಕೆ ಕಿವಿ-ಮೂಗು-ಗಂಟಲಿನ ಡಾಕ್ಟರು ಅಥವಾ ಶ್ವಾಸಕೋಶದ ಡಾಕ್ಟರು ಆದೀತು. ನಿದ್ದೆಯ ಜೊತೆಗೆ ಮನಸ್ಸೂ ಕುಗ್ಗಿದೆ, ಯಾವುದರಲ್ಲೂ ಆಸೆ ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಡಾಕ್ಟರ ಬಳಿ ಬರಿಗೈಯಲ್ಲಿ ಹೋಗಬೇಡ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಕುಡಿದ ಕಾಫಿ, ಪಾಳಿ ಎಲ್ಲ ಬರೆ. ಸೊಸೆ ನಿನ್ನ ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ, ಆ ಸದ್ದು ನಿಲ್ಲುವುದೂ ಮತ್ತೆ ಶುರುವಾಗುವುದೂ ಸೇರಿ. ನೀನು ಅವಳು ಮಲಗಿದ ಮೇಲೆ ಕಾಲು ಎಷ್ಟು ಸಲ ಝಾಡಿಸುತ್ತಾಳೆ ನೋಡು. ಅವಳನ್ನು ಡಾಕ್ಟರ ಕೋಣೆಯೊಳಕ್ಕೆ ಕರೆದುಕೊಂಡೇ ಹೋಗು, ಹೊರಗೆ ಬೆಂಚಿನ ಮೇಲೆ ಕೂರಿಸಬೇಡ. ಸೀಮಂತಕ್ಕೆ ಬರುವಾಗ ಎರಡೂ ರಿಪೋರ್ಟು ತನ್ನಿ, ನಾನು ಕನ್ನಡಕ ಹಾಕಿಕೊಂಡು ಓದಬೇಕು. ನೈಟ್ ಶಿಫ್ಟ್ ಮುಗಿಸಿ ಅದೇ ಕಣ್ಣಲ್ಲಿ ಕಾರು ಓಡಿಸಿಕೊಂಡು ಹೊರಡಬೇಡಿ, ಶಿರಾಳಕೊಪ್ಪದ ಬಸ್ಸಿಗೆ ಬನ್ನಿ. ಸ್ಟ್ಯಾಂಡಿಗೆ ನಿಮ್ಮಪ್ಪನನ್ನು ಕಳಿಸುತ್ತೇನೆ.